ಲಂಡನ್ನಿಗೆ ಹೋದ ಹಾಲವ್ವನ ಡಬ್ಬಿ

ಮಿಮಿಕ್ರಿ ಮಾಡುವವನ ಮಾತನ್ನು ಯಾರೂ ನಂಬುವುದಿಲ್ಲ. ಆದರೂ ಇದು ನಡೆದದ್ದೇ. ವಿಷಯ ಕರುಳಿನ ಬ್ಯಾಕ್ಟೀರಿಯಾದ್ದು. ವಾಸನೆ ಬಂದರೆ ದೂರು ನನ್ನ ಮೇಲಲ್ಲ.

ಎಂಬತ್ತೇಳರಲ್ಲಿ ಮುಂಬಯಿಯ ಆಂಟಾಪ್ ಹಿಲ್‌ನ ಒಂದು ಚಾಳಿಗೆ ಚಾಳೇ ವಾಂತಿಭೇದಿಯಿಂದ ಮಲಗಿದಾಗ ಗಾರೆ ಕೆಲಸದ ಹಾಲವ್ವನ ಮನೆಯವರಿಗೆ ಮಾತ್ರ ಏನೂ ಆಗಲಿಲ್ಲ. ಅವರ ಹೊಟ್ಟೆಯಲ್ಲಿ ಯಾವ ಬ್ಯಾಕ್ಟೀರಿಯಾ ಕಾವಲಿದೆಯೆಂದು ಹುಡುಕಲು, ಮಾಟುಂಗದ ನಮ್ಮ ಲ್ಯಾಬಿನ ಶಾಮಲಾ ಮಲದ ಡಬ್ಬಿ ಕೇಳಿದಳು.

"ತಂಗೀ, ಅದನ್ನ ತಗೊಂಡು ಯಾರರ ಮಾಟಾ ಮಾಡಿಸಿದ್ರ?" ಎಂದಳು ಹಾಲವ್ವ.

"ಮಾಟುಂಗ ಅಂದ ಮೇಲೆ ಮಾಟ ಇರಲೇಬೇಕಲ್ಲ," ಎಂದೆ ನಾನು. ಇಬ್ಬರೂ ದುರುಗುಟ್ಟಿದರು.

"ನಿಮ್ಮನ್ನ ಕೇಳ್ದೆ ಅದು ಲ್ಯಾಬ್ ಬಿಟ್ಟು ಆಚೆ ಹೋಗಲ್ಲ, ಹಾಲವ್ವ. ನನ್ನಾಣೆ," ಎಂದಳು ಶಾಮಲಾ. ಆ ಆಣೆಯ ಮೇಲೆ ಡಬ್ಬಿಗಳು ಬರತೊಡಗಿದವು.

ನಮ್ಮ ಮುಖ್ಯಸ್ಥ ಡಾ. ಹಿರಿಯಣ್ಣನವರಿಗೆ ಲಂಡನ್ನಿನ ಪ್ರೊಫೆಸರೊಬ್ಬನ ಸಹಯೋಗವಿತ್ತು. ಆತ ಒಮ್ಮೆ ಬಂದು ಹೋದಂದಿನಿಂದ ಅವನ ಮೂಗಿನ ಇಂಗ್ಲಿಷು ನನ್ನ ಬಾಯಲ್ಲೇ ಬಾಡಿಗೆಗಿತ್ತು. ಏಪ್ರಿಲ್ ಒಂದರಂದು ಪಕ್ಕದ ಕೋಣೆಯಿಂದ ಸಾಹೇಬರಿಗೆ ಫೋನ್ ಮಾಡಿದೆ. ರಿಸೀವರಿಗೆ ಕಿವಿಯಿಟ್ಟ ಶಾಮಲಾ ನಗು ತಡೆಯಲು ಸೆರಗು ಕಚ್ಚಿದ್ದಳು.

"ಹಿರಿಯಾನಾ! ನಿನ್ನ ಡಬ್ಬಿ ಏರ್‌ಪೋರ್ಟಿನಲ್ಲಿ ಒಡೆದಿದೆ. ಕಸ್ಟಮ್ಸಿನವರೆಲ್ಲ ಮೂಗು ಹಿಡಿದು ಓಡುತ್ತಿದ್ದಾರೆ!"

'ಯಾವ ಡಬ್ಬಿ?' ಎಂದು ತಬ್ಬಿಬ್ಬಾಗುತ್ತಾರೆ ಎಂದುಕೊಂಡಿದ್ದೆವು. ನಮಗೆ ಗೊತ್ತಿದ್ದಂತೆ ಏನನ್ನೂ ಕಳಿಸಿರಲೇ ಇಲ್ಲವಲ್ಲ.

"ಸಾರಿ ಸರ್, ವೆರಿ ಸಾರಿ! ಹೋದ ಸಲದ್ದು ಸರಿಯಾಗೇ ಬಂತಲ್ಲ ಸರ್? ಇನ್ನೊಂದು ಕಳಿಸ್ತೀನಿ. ಆ ಹೆಂಗಸು ಕೇಳಿದಷ್ಟು ಕೊಡ್ತಾಳೆ, ಅವಳಿಗೇನು ಗೊತ್ತಾಗುತ್ತೆ? ರಿಸರ್ಚ್ ಪೇಪರಿನಲ್ಲಿ ನಮ್ಮಿಬ್ಬರದೇ ಹೆಸರು, ಮಾತಾಡಿದ ಹಾಗೇ. ಶಾಮಲಾದು ಇರಲ್ಲ."

ನನ್ನ ಗಂಟಲಲ್ಲಿ ಲಂಡನ್ ಸತ್ತುಹೋಯಿತು. "ಸರ್... ಇದು ನಾನು," ಎಂದು ನನ್ನದೇ ದನಿ ಹೊರಬಿತ್ತು. ಆ ಕಡೆ ಫೋನ್ ಕುಕ್ಕಿದ ಸದ್ದಾಯಿತು. ಶಾಮಲಾ ಎದ್ದು ನೇರ ಹೊರಗೆ ನಡೆದಳು.

ಹೊರಗೆ ಬೆಂಚಿನ ಮೇಲೆ ಹಾಲವ್ವ ಅಂದಿನ ಡಬ್ಬಿ ಹಿಡಿದು ಕೂತಿದ್ದಳು.

"ಹಾಲವ್ವ, ನಿಮ್ಮ ಡಬ್ಬಿ ವಿಲಾಯತಿಗೆ ಹೋಗಿದೆ. ನಿಮ್ಮನ್ನೂ ಕೇಳಿಲ್ಲ, ನನ್ನನ್ನೂ ಕೇಳಿಲ್ಲ."

ಹಾಲವ್ವ ಡಬ್ಬಿಯನ್ನು ಸೆರಗಿನಡಿ ಎಳೆದುಕೊಂಡಳು. "ನಿನ್ನ ಆಣಿ ಇಟ್ಟಿದ್ದಿಯಲ್ಲ ತಂಗೀ! ಆಣಿ ಮುರೀತು, ಇನ್ನ ನಿನಗೇನ್ ಆಕ್ಕೈತೋ!"

ಅಷ್ಟರಲ್ಲಿ ಸಾಹೇಬರು ಹೊರಬಂದು ನನ್ನ ಬೆನ್ನಿಗೊಂದು ಗುದ್ದಿದರು. "ಎಂಥಾ ಮಿಮಿಕ್ರಿನಯ್ಯಾ! ನಾನೂ ತಮಾಷೆಗೇ ಹಾಗಂದೆ. ನಂಬ್ಬಿಟ್ರಾ?" ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಇಂವಾ ಯಾಕ ನಗಾಕತ್ತಾನ?" ಹಾಲವ್ವ ನನ್ನನ್ನು ಕೇಳಿದಳು. ಎಲ್ಲರ ದನಿಯೂ ಬರುವ ನಾನು ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟೆ.

ಡಬ್ಬಿಯೊಂದಿಗೆ ಅವಳು ಮೆಟ್ಟಿಲಿಳಿದಳು, ಹಿಂದೆಯೇ ಶಾಮಲಾ. ಸಾಹೇಬರ ನಗು ಮಾತ್ರ ಇನ್ನೂ ಜೋರಾಗುತ್ತಲೇ ಇತ್ತು.