ಎಂಟು ಟ್ರೇ ಹಾಲು

ಮಣಿಕಟ್ಟು ಲಟಕ್ಕೆಂದದ್ದು ಉದಯಶಂಕರನಿಗೆ ಕೇಳಿಸಿತು. ಕೂಸಪ್ಪನಿಗೂ ಕೇಳಿಸಿರಬೇಕು. ಹಿಂದಕ್ಕೆ ತಿರುಚಿ ಹಿಡಿದಿದ್ದ ತಂಗರಾಜನ ಬಲಗೈಯನ್ನು ಅವನು ತಟ್ಟನೆ ಬಿಟ್ಟುಬಿಟ್ಟ. ತಂಗರಾಜ ರಬ್ಬರ್ ಮರಕ್ಕೆ ಬೆನ್ನು ಕೊಟ್ಟು ಕುಕ್ಕರಿಸಿ, ಎಡಗೈಯಿಂದ ಬಲಗೈಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡ.

“ಇನ್ನು ಕದೀಲಿ, ನೋಡುವ,” ಎಂದ ಕೂಸಪ್ಪ. ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

ಮರಗಳು ಉದಯಶಂಕರನ ಅಪ್ಪ ಸಂಕಪ್ಪ ಗೌಡರವು, ಒಟ್ಟು ಇನ್ನೂರು. ಬೇಲಿಯಾಚೆ ಸರ್ಕಾರದ ದೊಡ್ಡ ರಬ್ಬರ್ ತೋಟ. ಸಿಲೋನಿನಿಂದ ವಾಪಸು ಬಂದ ತಮಿಳರಿಗೆ ಅಲ್ಲಿ ಕೆಲಸ ಕೊಟ್ಟು, ಗುಡ್ಡದ ಬದಿಗೆ ಸಾಲಾಗಿ ಲೈನ್ ಮನೆ ಕಟ್ಟಿಸಿ ಏಳೆಂಟು ವರ್ಷವಾಗಿತ್ತು. ಊರಿನ ಹುಡುಗರಿಗೆ ಆ ಕೆಲಸ ಸಿಗಲಿಲ್ಲ. ಅಂದಿನಿಂದ ಯಾರ ಮನೆಯ ಕೋಳಿ ಕಾಣೆಯಾದರೂ ಸಿಲೋನಿನವರೇ ಕಳ್ಳರು. ಕೋಳಿಯನ್ನು ಕೀರಿ ಎಳೆದುಕೊಂಡು ಹೋದದ್ದನ್ನು ಕಣ್ಣಾರೆ ಕಂಡವರೂ ಹಾಗೆಯೇ ಹೇಳುತ್ತಿದ್ದರು.

ಅದು ಎಂಬತ್ತೆರಡರ ಮೇ ತಿಂಗಳು. ಸಂಕಪ್ಪ ಗೌಡರು ಹಿಂದಿನ ದಿನವೇ ಮದುವೆಗೆಂದು ಸುಳ್ಯಕ್ಕೆ ಹೋಗಿದ್ದರು. ಬೆಳಕು ಹರಿಯುವಾಗಲೇ ಉದಯಶಂಕರ ಮರಗಳ ತೊಗಟೆ ಗೀರಿ ಟ್ಯಾಪಿಂಗ್ ಮುಗಿಸಿದ್ದ. ರಬ್ಬರ್ ಹಾಲು ಮರಕ್ಕೆ ಕಟ್ಟಿದ ಚಿಪ್ಪಿಗೆ ಇಳಿದು ತುಂಬುವಾಗ ಬೆಳಿಗ್ಗೆ ಹತ್ತು ಗಂಟೆಯಾದರೂ ಆಗಬೇಕು. ಅಷ್ಟರವರೆಗೆ ಎಂದು ಆಲಂಕಾರಿನ ಚಾ ಅಂಗಡಿಯಲ್ಲಿ ಕೂಸಪ್ಪನ ಜೊತೆ ಕೇರಂ ಆಡಲು ಕೂತ. ಆಟ ರಂಗೇರಿತು. ಆಕಾಶ ಕಪ್ಪಾದದ್ದು ಇಬ್ಬರಿಗೂ ಗೊತ್ತಾಗಲಿಲ್ಲ. ನೆರೆಮನೆಯ ದುಗ್ಗಮ್ಮ ದಾರಿಯಲ್ಲೇ ನಿಂತು, “ನಿಮ್ಮ ತೋಟದಲ್ಲಿ ಆ ಸಿಲೋನಿನವ ಹಾಲು ತೆಗೀತಾ ಇದ್ದಾನೆ, ನೀನು ಇಲ್ಲಿ ಆಡ್ತಾ ಕೂತಿದ್ದಿ,” ಎಂದಾಗಲೇ ಇಬ್ಬರೂ ಎದ್ದು ಓಡಿದ್ದು.

ಆಚೆ ತೋಟದಲ್ಲಿ ಟ್ಯಾಪಿಂಗ್ ಮಾಡುವ ತಂಗರಾಜ ಬಕೆಟ್ ಹಿಡಿದು, ಒಂದೊಂದೇ ಚಿಪ್ಪಿನ ಹಾಲನ್ನು ಅದಕ್ಕೆ ಬಗ್ಗಿಸುತ್ತ ಬೇಗ ಬೇಗ ಸಾಗುತ್ತಿದ್ದ. ಅವನಿಗೂ ಇವರಷ್ಟೇ ವಯಸ್ಸು, ಇಪ್ಪತ್ತೋ ಇಪ್ಪತ್ತೊಂದೋ.

“ಯಾರಪ್ಪನ ಹಾಲು ಮಾರಾಯ ಅದು?” ಎಂದ ಉದಯಶಂಕರ.

“ಮಳೆ ಬರ್ತದೆ ಅಣ್ಣ. ನೀವು ಇರ್ಲಿಲ್ಲ. ನೀರು ಬಿದ್ರೆ ಎಲ್ಲ ಹಾಳು...”

“ಮಳೆ ಬಂದ್ರೆ ನಿನಗೆಂತ?”

ತಂಗರಾಜ ಉತ್ತರ ಹೇಳಲು ಬಾಯಿ ತೆರೆದಿದ್ದ. ಉದಯಶಂಕರನೇ ಮೊದಲ ಏಟು ಹಾಕಿದ್ದು. ಆಮೇಲೆ ಕೂಸಪ್ಪ ಕೈ ತಿರುಚಿದ.

ಮಣಿಕಟ್ಟು ಮುರಿದು ಎರಡು ನಿಮಿಷವಾಗಿರಲಿಲ್ಲ, ಮಳೆ ಹೊಡೆಯಿತು. ತಂಗರಾಜ ಎದ್ದು, ಯಾರ ಮುಖವನ್ನೂ ನೋಡದೆ, ಬೇಲಿ ದಾಟಿ ಲೈನ್ ಮನೆಗಳ ಕಡೆ ನಡೆದ. “ನಾನು ರೈಟರಿಗೆ ಹೇಳಿ ಬರ್ತೇನೆ,” ಎಂದು ಕೂಸಪ್ಪ ದೊಡ್ಡ ತೋಟದ ಆಫೀಸಿಗೆ ಓಡಿದ. ಉದಯಶಂಕರ ಅರ್ಧ ತುಂಬಿದ ಬಕೆಟನ್ನು ಎತ್ತಿಕೊಂಡು ತಮ್ಮ ಶೆಡ್ಡಿಗೆ ಬಂದ.

ಶೆಡ್ಡಿನಲ್ಲಿ ಎಂಟು ಟ್ರೇಗಳು ಸಾಲಾಗಿದ್ದವು. ಎಂಟರಲ್ಲೂ ಹಾಲು. ಸೋಸಿ, ನೀರು ಬೆರೆಸಿ, ಹೆಪ್ಪಾಗಲು ಆಸಿಡ್ ಹಾಕಿ, ಮೇಲಿನ ನೊರೆಯನ್ನು ಬಳಿದು ತೆಗೆದಿತ್ತು. ಮಾಡು ಸೋರುವ ಕಡೆಯಿದ್ದ ಎರಡು ಟ್ರೇಗಳ ಮೇಲೆ ಹಲಗೆ ಮುಚ್ಚಿತ್ತು. ಅಂಚಿನಲ್ಲಿ ಹಾಲು ಆಗಲೇ ಹೆಪ್ಪುಗಟ್ಟತೊಡಗಿತ್ತು.

ಕದಿಯಲು ಬಂದವನು ಹಾಲನ್ನು ಯಜಮಾನನ ಶೆಡ್ಡಿನಲ್ಲೇ ಹೆಪ್ಪಿಗಿಟ್ಟು ಹೋಗುವುದಿಲ್ಲ. ಇದು ಅರ್ಥವಾಗಲು ಉದಯಶಂಕರನಿಗೆ ಹೊತ್ತು ಹಿಡಿಯಲಿಲ್ಲ. ನಾಚಿಕೆಯಾಗಬೇಕಿತ್ತು, ಅಳು ಬರಬೇಕಿತ್ತು. ಏನೂ ಆಗಲಿಲ್ಲ. ಹೊರಗೆ ಉಳಿದ ಚಿಪ್ಪುಗಳಲ್ಲಿ ನೀರು ತುಂಬಿ, ಹಾಲು ಬೆಳ್ಳಗೆ ಬುಡಕ್ಕೆ ಹರಿಯುತ್ತಿತ್ತು. ಅವನು ಬಕೆಟಿನ ಹಾಲನ್ನು ಮೂಲೆಯಲ್ಲಿ ಖಾಲಿಯಿದ್ದ ಒಂಬತ್ತನೇ ಟ್ರೇಗೆ ಸುರಿದು ಅಂದಾಜಿಗೆ ಆಸಿಡ್ ಹಾಕಿದ. ಮನೆಗೆ ಹೋಗಿ ಉಂಡ.

ಮರುದಿನ ಬೆಳಿಗ್ಗೆ ಅಪ್ಪ ಬಂದ ಹಿಂದೆಯೇ ದೊಡ್ಡ ತೋಟದ ಲೆಕ್ಕ ಬರೆಯುವ ರೈಟರ್ ಸುಂದರ ಸೈಕಲಿನಲ್ಲಿ ಬಂದ. ಜಗಲಿಯಲ್ಲಿ ಕೂತು ಪುಸ್ತಕ ತೆರೆದ.

“ಅವನ ಕೈಗೆ ಪುತ್ತೂರಲ್ಲಿ ಕಟ್ಟು ಹಾಕಿದ್ದಾರೆ. ಅದು ಹೋಗ್ಲಿ, ಗುಣ ಆಗ್ತದೆ. ಆದ್ರೆ ಕದ್ದದ್ದು ಹೌದಾದ್ರೆ ಕೆಲಸದಿಂದ ತೆಗೀಬೇಕು, ಲೈನ್ ಮನೆಯೂ ಬಿಡಿಸ್ಬೇಕು. ಅಮ್ಮ, ತಂಗಿ ಎಲ್ಲ ಹೊರಗೆ. ಅದಕ್ಕೇ ನಿನ್ನ ಹತ್ರ ಕೇಳುದು. ಕಣ್ಣಾರೆ ಕಂಡಿದ್ದೀಯಾ?”

“ನಮ್ಮ ಮರದ ಹಾಲು ತೆಗೀತಿದ್ದದ್ದು ಕಂಡಿದ್ದೇನೆ.”

ಅದು ಸುಳ್ಳಾಗಿರಲಿಲ್ಲ. ಸುಂದರ ಬರೆದುಕೊಂಡ. ಪೆನ್ನು ಎತ್ತಿ ಹಿಡಿದು ಕಾದ.

“ಮತ್ತೆಂತಾದ್ರೂ ಹೇಳ್ಲಿಕ್ಕುಂಟಾ?”

ಉದಯಶಂಕರ ಅಪ್ಪನ ಮುಖ ನೋಡಿದ. ಅಪ್ಪ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು.

“ಇಲ್ಲ.”

ಸೈಕಲ್ ತಿರುವು ದಾಟಿದ ಮೇಲೆ ಅಪ್ಪ ಮಗ ಶೆಡ್ಡಿಗೆ ಹೋದರು. ಸಂಕಪ್ಪ ಗೌಡರು ಮೊದಲ ಟ್ರೇಯನ್ನು ಮಗುಚಿ, ಬಿಳಿ ಹೆಪ್ಪನ್ನು ಬೆರಳಿನಿಂದ ಒತ್ತಿ ನೋಡಿದರು. ಎರಡನೆಯದನ್ನೂ ನೋಡಿದರು. ಎಂಟೂ ಒಂದೇ ಹದ. ಒಂಬತ್ತನೆಯದರಲ್ಲಿ ಮಾತ್ರ ಗುಳ್ಳೆ ಎದ್ದಿತ್ತು.

“ಇದೊಂದು ಕೆಟ್ಟಿದೆ, ಹೋಗ್ಲಿ. ಉಳಿದದ್ದು ನನಗೂ ಇಷ್ಟು ಚಂದ ಬರುದಿಲ್ಲ. ಎಲ್ಲ ನೀನೇ ಹಾಕಿದ್ದಾ?”

“ಹೌದು.”

“ಇಷ್ಟು ದಿನ ಹೇಳಿಕೊಟ್ಟದ್ದು ದಂಡ ಆಗ್ಲಿಲ್ಲ ಮಾರಾಯ.”

ಅಪ್ಪ ನಗುತ್ತ ಹೆಪ್ಪನ್ನು ರೋಲರಿಗೆ ಕೊಟ್ಟು ಹಿಡಿಕೆ ತಿರುಗಿಸತೊಡಗಿದರು. ನೀರು ಹಿಂಡಿ ಸುರಿಯಿತು. ಆಚೆಯಿಂದ ಉದ್ದಕ್ಕೆ ಬಂದ ತಣ್ಣನೆಯ ರಬ್ಬರ್ ಶೀಟನ್ನು ಉದಯಶಂಕರ ಎರಡೂ ಕೈ ಚಾಚಿ ಹಿಡಿದುಕೊಂಡ.