ಕಳಸಗಿತ್ತಿಯ ಕೂದಲು

“ನನ್ನ ಮೊಮ್ಮಗಳು ಹರ್ಷಿತಾ ಕುಶಾಲನಗರದಲ್ಲಿ ಹೊಳೆಗಿಳಿದು ತಲೆ ತೊಳೆದರೆ, ಅವಳ ಕೂದಲ ತುದಿ ಕಣಿವೆಯ ತೂಗುಸೇತುವೆ ಹತ್ತಿರ ಮೀನು ಹಿಡಿಯೋರ ಬಲೆಗೆ ಸಿಕ್ಕೊಳ್ತಿತ್ತು. ಬಲೆ ಹರಿದು ಪಂಚಾಯ್ತಿನೂ ಆಗಿದೆ, ಬೇಕಾದ್ರೆ ಕೇಳ್ಕೊಂಡು ಬನ್ನಿ.”

ಸ್ವಸಹಾಯ ಸಂಘದ ಸಭೆಯಲ್ಲಿ ಕಾಳಮ್ಮ ಹೀಗೆ ಮಾತು ಶುರು ಮಾಡಿದಾಗ ಯಾರೂ ಬೆಚ್ಚಿಬೀಳಲಿಲ್ಲ, ಕೇಳಿಕೊಂಡು ಬರಲು ಎದ್ದೂ ಹೋಗಲಿಲ್ಲ. ಅವಳ ಮಾತಿನ ಅಳತೆ ಊರಿಗೆಲ್ಲ ಗೊತ್ತು. ತೊಡೆ ಗಾತ್ರದ ಶುಂಠಿ ಬಂತು ಅಂದರೆ ಹೆಬ್ಬೆರಳಿನ ಗಾತ್ರದ್ದು. ಆನೆಯ ಹಿಂಡು ಗದ್ದೆಗಿಳಿಯಿತು ಅಂದರೆ ಪಕ್ಕದ ಮನೆಯ ಎಮ್ಮೆ ಹಗ್ಗ ಬಿಚ್ಚಿಕೊಂಡಿದೆ ಅಂತ ಅರ್ಥ.

ಆ ದಿನ ಅವಳನ್ನು ಮಾತಿಗೆ ಎಬ್ಬಿಸಿದವಳು ಊರಿನ ಆಶಾ ಕಾರ್ಯಕರ್ತೆ ಗಾನವಿ. “ಹರ್ಷಿತಾಳ ವಿಷಯ ನೀವೇ ಹೇಳಿ ಕಾಳಜ್ಜಿ. ನಾನು ಹೇಳಿದರೆ ಭಾಷಣ ಅಂತ ಎಲ್ಲ ಆಕಳಿಸ್ತಾರೆ. ಆದ್ರೆ ನಡೆದದ್ದನ್ನ ನಡೆದ ಹಾಗೇ ಹೇಳಬೇಕು.”

“ನಾನ್ಯಾವಾಗ ಸುಳ್ಳು ಹೇಳಿದ್ದು?” ಅಂದಳು ಕಾಳಮ್ಮ. ಸೆರಗು ಸಿಕ್ಕಿಸಿಕೊಂಡು ಹೇಳಿಯೇಬಿಟ್ಟಳು.

ಅರಕಲಗೂಡು ಕಡೆಯಿಂದ ಬಂದು ಹೆಬ್ಬಾಲೆ ರಸ್ತೆ ಪಕ್ಕದಲ್ಲಿ ಗದ್ದೆ, ಶುಂಠಿ ಮಾಡಿಕೊಂಡಿರುವ ಮನೆ ಅವರದು. ಮಗ ಸಣ್ಣಸ್ವಾಮಿ, ಸೊಸೆ, ಮೊಮ್ಮಗ ಧರ್ಮೇಶ, ಮೊಮ್ಮಗಳು ಹರ್ಷಿತಾ. ಧರ್ಮೇಶನ ಮದುವೆ ಗೊತ್ತಾಗಿತ್ತು. ಅವರಲ್ಲಿ ಗಂಡಿನ ತಂಗಿಯೇ ಕಳಸಗಿತ್ತಿ. ಶಾಸ್ತ್ರ ಶುರುವಾದಾಗಿನಿಂದ ಧಾರೆ ಮುಗಿಯುವ ತನಕ ತುಂಬಿದ ಕಳಸ ಹಿಡಿದು ಅಣ್ಣನ ಬೆನ್ನಿಗೇ ನಿಂತಿರಬೇಕು. ಗಂಡು ಹೆಣ್ಣಿನ ಮೇಲೆ ಎಷ್ಟು ಕಣ್ಣು ಬೀಳುತ್ತವೋ ಅಷ್ಟೇ ಕಣ್ಣು ಕಳಸಗಿತ್ತಿಯ ಮೇಲೂ. ಹರ್ಷಿತಾ ಚಿಕ್ಕವಳಿದ್ದಾಗಲೇ ಅಣ್ಣನಿಗೆ ಹೇಳಿಟ್ಟಿದ್ದಳು: “ನಿನ್ನ ಮದುವೇಲಿ ಕಳಸ ನಂದೇ. ಬೇರೆ ಯಾರಾದ್ರೂ ಮುಟ್ಟಿದ್ರೆ ನಾನು ಚಪ್ಪರಕ್ಕೇ ಬರಲ್ಲ.”

ಅವಳದು ಗುಂಗುರು ಕೂದಲು. ದಟ್ಟ, ಕಪ್ಪು, ಬೆನ್ನು ತುಂಬ. (ಕಾಳಮ್ಮನ ಲೆಕ್ಕದಲ್ಲಿ ಆ ಗುಂಗುರಿನೊಳಗೆ ಎರಡು ಗುಬ್ಬಚ್ಚಿ ಸಂಸಾರ ಮಾಡಬಹುದಿತ್ತು.) ಹುಡುಗಿಗೆ ಅದೇ ಬೇಸರ. ಮದುವೆ ಫೋಟೋದಲ್ಲಿ ಕೂದಲು ರೇಷ್ಮೆಯ ಹಾಗೆ ನೆಟ್ಟಗೆ ಇಳಿದಿರಬೇಕು. ಕುಶಾಲನಗರದಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಹೊಸ ಪಾರ್ಲರ್ ತೆರೆದಿದೆ, ಸ್ಮೂತನಿಂಗ್ ಮಾಡುತ್ತಾರೆ, ಹೋಗಲಾ ಎಂದು ಕೇಳಿದಳು. ಅಪ್ಪ ಅಮ್ಮ ಲಗ್ನಪತ್ರಿಕೆ ಹಂಚಲು ಅರಕಲಗೂಡಿಗೆ ಹೋಗಿದ್ದರು. ಮನೆಗೆ ಕಾಳಮ್ಮನದೇ ಯಜಮಾನಿಕೆ.

“ಹೋಗು, ಮಾಡಿಸ್ಕೊ. ಕೂದಲು ತಾನೆ, ಗದ್ದೆ ಬರೆದು ಕೊಡ್ತಿಲ್ವಲ್ಲ,” ಅಂದಳು.

ಇದಕ್ಕೆ ಕೆಲವು ದಿನ ಮೊದಲು ಕಾಳಮ್ಮ ತನ್ನ ಬಿಳಿಗೂದಲಿಗೆ ಅಂಗಡಿಯ ಕಪ್ಪು ಮೆಹಂದಿ ಪುಡಿ ಕಲಸಿದ್ದಳು. ಬಟ್ಟಲಲ್ಲಿ ಸ್ವಲ್ಪ ಉಳಿಯಿತು. ದಂಡ ಯಾಕೆ ಮಾಡಬೇಕು? ಎದುರಿಗೆ ಕುಳಿತಿದ್ದ ಮೊಮ್ಮಗಳ ತಲೆಗೂ ಬಳಿದಿದ್ದಳು. ಅನ್ನ ಉಳಿದರೆ ಇನ್ನೊಂದು ತಟ್ಟೆಗೆ ಹಾಕುವ ಮನೆ, ಮೆಹಂದಿ ಉಳಿದರೆ ಇನ್ನೊಂದು ತಲೆಗೆ.

ಪಾರ್ಲರಿನಲ್ಲಿ ಇದನ್ನು ಯಾರೂ ಕೇಳಲಿಲ್ಲ, ಹರ್ಷಿತಾಳೂ ಹೇಳಲಿಲ್ಲ. ಪಾರ್ಲರಿನ ಹುಡುಗಿ ನೇರವಾಗಿ ಕ್ರೀಮಿನ ಡಬ್ಬಿ ತೆಗೆದು ಬ್ರಷ್ಷಿನಲ್ಲಿ ಹಚ್ಚತೊಡಗಿದಳು. ಸ್ವಲ್ಪ ಹೊತ್ತಿಗೆ ಹರ್ಷಿತಾಳ ಬಲಗಿವಿಯ ಮೇಲೆ ಚುರುಚುರು ಅಂತು. ಆಮೇಲೆ ಉರಿ.

“ಅಕ್ಕಾ, ಸ್ವಲ್ಪ ಉರೀತಿದೆ.”

“ಉರಿದ್ರೇನೇ ಕೂದಲು ನೆಟ್ಟಗಾಗೋದು. ಇಷ್ಟಕ್ಕೆಲ್ಲಾ ಹೆದರ್ತಾರಾ? ತಡ್ಕೊ.”

ಹಿಂದೆ ಬೆಂಚಿನ ಮೇಲೆ ಇನ್ನೂ ಹಲವರು ಕಾಯುತ್ತಿದ್ದರು. ಅವರಲ್ಲಿ ಒಬ್ಬರು ಫೋನಿನಿಂದ ತಲೆ ಎತ್ತಿ ಕನ್ನಡಿಯಲ್ಲಿ ಹರ್ಷಿತಾಳನ್ನು ನೋಡಿದರು. ಹಳ್ಳಿ ಹುಡುಗಿ, ಮೊದಲ ಸಲ ಬಂದಿರಬೇಕು ಅಂದುಕೊಂಡರೇನೋ ಅಂತ ಅವಳಿಗೆ ನಾಚಿಕೆಯಾಯಿತು. ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡು ಕುಳಿತಳು. ಕಣ್ಣಲ್ಲಿ ನೀರು ಬಂದರೂ ಬಾಯಿ ಬಿಡಲಿಲ್ಲ.

ಮನೆಗೆ ಬಂದಾಗ ಕೂದಲೇನೋ ನೆಟ್ಟಗೇ ಇತ್ತು. ಕಾಳಮ್ಮ ಬೀದಿಯ ಎರಡೂ ಬದಿಗೆ ಕರೆದುಕೊಂಡು ಹೋಗಿ ತೋರಿಸಿದಳು. ಮರುದಿನ ಬೆಳಿಗ್ಗೆ ಬಾಚಣಿಗೆ ಇಟ್ಟ ಕಡೆಯೆಲ್ಲ ಕೂದಲು ಒಣಹುಲ್ಲಿನ ಹಾಗೆ ಮುರಿದು ಕೈಗೆ ಬಂತು. ಕಿವಿಯ ಮೇಲಿನ ಚರ್ಮ ಕೆಂಪಗೆ ಊದಿ ಗುಳ್ಳೆ ಎದ್ದಿತ್ತು.

ಕಾಳಮ್ಮನಿಗೆ ಲೋಕದ ಎಲ್ಲ ಕಾಯಿಲೆಗೂ ಒಂದೇ ಮದ್ದು. ಶೀತಕ್ಕೆ ಶುಂಠಿ, ಹೊಟ್ಟೆನೋವಿಗೆ ಶುಂಠಿ, ಟ್ರ್ಯಾಕ್ಟರ್ ಕೆಟ್ಟು ನಿಂತರೂ ಡ್ರೈವರನಿಗೆ ಶುಂಠಿ ಕಾಫಿ. ಗದ್ದೆಯಿಂದ ಕಿತ್ತ ಹಸಿ ಶುಂಠಿ ಜಜ್ಜಿ, ರಸ ಹಿಂಡಿ, ಎಣ್ಣೆ ಬೆರೆಸಿ ಗಾಯದ ಮೇಲೆ ಹಚ್ಚಿದಳು.

ಹುಡುಗಿ ಕೂಗಿದ ಕೂಗು ಬೈಲುಕುಪ್ಪೆವರೆಗೂ ಕೇಳಿಸಿತು ಅನ್ನುತ್ತಾಳೆ ಕಾಳಮ್ಮ. ಮೂರು ಮನೆ ಆಚೆಯ ಗಾನವಿಗಂತೂ ಕೇಳಿಸಿತು. ಓಡಿ ಬಂದಳು. ತಲೆ ನೋಡಿದವಳೇ ಹರ್ಷಿತಾಳನ್ನು ನಲ್ಲಿಯ ಕೆಳಗೆ ಕೂರಿಸಿ ತಣ್ಣೀರು ಬಿಟ್ಟಳು. ಹಚ್ಚಿದ್ದೆಲ್ಲ ಹೋಗುವ ತನಕ ನಲ್ಲಿ ನಿಲ್ಲಿಸಲಿಲ್ಲ.

“ಇದನ್ನ ನಿನ್ನೆ ಪಾರ್ಲರಿನಲ್ಲೇ, ಉರಿ ಅಂದ ಕೂಡಲೇ ಮಾಡಬೇಕಿತ್ತು ಅಜ್ಜಿ. ನಡೀರಿ, ಆಸ್ಪತ್ರೆಗೆ ಹೋಗೋಣ.”

“ತಲೆ ಉರಿಗೆ ಯಾರಾದ್ರೂ ಆಸ್ಪತ್ರೆಗೆ ಹೋಗ್ತಾರೇನೇ? ಮದುವೆ ಮನೆ ಇದು. ಆಸ್ಪತ್ರೆ ಮೆಟ್ಟಿಲು ಹತ್ತಿದ್ಲು ಅಂತ ಊರೆಲ್ಲ ಆಗುತ್ತೆ. ಇನ್ನೊಂದು ಸಲ ಶುಂಠಿ ಹಚ್ಚಿದ್ರೆ…”

“ಕಾಳಜ್ಜಿ, ಗದ್ದೆಗೆ ಔಷಧಿ ಹೊಡೆಯುವಾಗ ಮೈಮೇಲೆ ಚೆಲ್ಲಿದ್ರೆ ಏನು ಮಾಡ್ತೀರಿ?”

“ನೀರಲ್ಲಿ ತೊಳೀತೀವಿ. ಇನ್ನೇನು ಮಾಡ್ತಾರೆ?”

“ಶುಂಠಿ ಜಜ್ಜಿ ಹಚ್ಚಲ್ವಾ?”

“ಹುಚ್ಚೇನೇ ನಿಂಗೆ? ಅದು ವಿಷ ಕಣೇ!”

“ಕೂದಲಿನ ಸ್ವರೂಪವನ್ನೇ ಬದಲಾಯಿಸೋ ಅಷ್ಟು ಖಾರ ಇರೋದು ಇನ್ನೇನು ಅಜ್ಜಿ, ಮಜ್ಜಿಗೆನಾ?”

ಕಾಳಮ್ಮ ಉಳಿದ ಶುಂಠಿ ರಸವನ್ನು ಬಚ್ಚಲಿಗೆ ಚೆಲ್ಲಿದಳು. ಆ ಊರಲ್ಲಿ ಇದು ನಡೆದದ್ದು ಅದೇ ಮೊದಲು. ಸೀರೆ ಬದಲಾಯಿಸಿ ಬಂದಳು.

ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಗಾಯ ನೋಡಿ ಮುಲಾಮು, ಮಾತ್ರೆ ಕೊಟ್ಟರು. “ಚರ್ಮ ಸುಟ್ಟಿದೆ. ವಾಸಿಯಾಗುವ ತನಕ ಎಣ್ಣೆ ಬೇಡ, ಬಣ್ಣ ಬೇಡ, ಬಿಗಿಯಾಗಿ ಏನನ್ನೂ ಕಟ್ಟಬೇಡಿ. ಮೊದಲೇ ಏನಾದ್ರೂ ಹಚ್ಚಿದ್ರಾ?” ಎಂದು ಕೇಳಿದರು. ಕಾಳಮ್ಮ ಉಳಿದ ಮೆಹಂದಿಯ ಕಥೆ ಹೇಳಿದಳು. “ಆ ಪುಡಿಗಳಲ್ಲಿ ಏನೇನು ಬೆರೆಸಿರುತ್ತಾರೋ ಗೊತ್ತಿರಲ್ಲ ಅಜ್ಜಿ. ಒಂದರ ಮೇಲೆ ಇನ್ನೊಂದು ಬಿದ್ದರೆ ಕೂದಲು ಹೀಗೆ ಮುರಿಯಬಹುದು. ಪಾರ್ಲರಿನಲ್ಲಿ ಹಚ್ಚಿದ ಡಬ್ಬಿ ಯಾವುದು?” ಅದು ಯಾರಿಗೂ ಗೊತ್ತಿರಲಿಲ್ಲ.

ಹರ್ಷಿತಾಳನ್ನು ಮನೆಗೆ ಬಿಟ್ಟು, ಡಬ್ಬಿ ಹುಡುಕಿಕೊಂಡು ಗಾನವಿ, ಕಾಳಮ್ಮ ಇಬ್ಬರೂ ಪಾರ್ಲರಿಗೆ ಹೋದರು. ದಾರಿಯುದ್ದಕ್ಕೂ ಕಾಳಮ್ಮ ಬೈಗುಳ ಜೋಡಿಸಿಕೊಳ್ಳುತ್ತಿದ್ದಳು. ಕುಶಾಲನಗರದ ಟ್ರಾಫಿಕ್ಕೇ ನಿಲ್ಲಬೇಕು, ಅಂಥವು. ಒಳಗೆ ಹೋದರೆ ಪಾರ್ಲರಿನ ಹುಡುಗಿ ಒಬ್ಬಳೇ ಇದ್ದಳು. ಹರ್ಷಿತಾಳ ಫೋಟೋ ನೋಡಿ ಅವಳ ಮುಖ ಬಿಳಿಚಿತು.

“ನಾನು ಬೇಕಂತ ಮಾಡಲಿಲ್ಲ ಅಜ್ಜಿ. ಫೋನಲ್ಲಿ ನೋಡಿ ಕಲ್ತಿದ್ದು. ಅದರಲ್ಲಿ ಉರಿ ವಿಷಯ ಹೇಳೇ ಇರಲಿಲ್ಲ.”

ಡಬ್ಬಿ ತಂದು ಮುಂದೆ ಹಿಡಿದಳು. ಹಿಂಬದಿಯಲ್ಲಿ ಇರುವೆ ಸಾಲಿನಂಥ ಅಕ್ಷರ. ಗಾನವಿ ಫೋನಲ್ಲಿ ದೊಡ್ಡದು ಮಾಡಿ ಓದಿದಳು. ಮೊದಲು ಕಿವಿಯ ಹಿಂದೆ ಚೂರು ಹಚ್ಚಿ ಎರಡು ದಿನ ಕಾಯಬೇಕು. ನಾಲ್ಕು ಎಳೆ ಕೂದಲಿಗೆ ಹಚ್ಚಿ ನೋಡಬೇಕು. ಬಣ್ಣ ಹಾಕಿದ ಕೂದಲಿಗೆ ಬಳಸಬಾರದು. ಉರಿದರೆ ತಕ್ಷಣ ತೊಳೆಯಬೇಕು. ಕೈಗವಸು ಹಾಕಬೇಕು.

ಕೈಗವಸು ಅಂದಾಗ ಕಾಳಮ್ಮ ಡಬ್ಬಿ ಹಿಡಿದ ಕೈ ನೋಡಿದಳು. ಪಾರ್ಲರಿನ ಹುಡುಗಿಯ ಬೆರಳ ತುದಿಗಳೆಲ್ಲ ಬಿರಿದು, ಸಿಪ್ಪೆ ಎದ್ದು, ಅಲ್ಲಲ್ಲಿ ರಕ್ತ ಜಿನುಗಿತ್ತು. ಅವಳಿಗೂ ಹರ್ಷಿತಾಳದೇ ವಯಸ್ಸು. ಜೋಡಿಸಿಕೊಂಡು ಬಂದಿದ್ದ ಬೈಗುಳ ಬಿಟ್ಟು ಕಾಳಮ್ಮ ಬೇರೆಯದನ್ನೇ ಕೇಳಿದಳು.

“ನಿಂಗೆ ಉರಿಯಲ್ವೇನೇ?”

“ಉರಿಯುತ್ತೆ ಅಜ್ಜಿ. ಅಭ್ಯಾಸ ಆಗಿದೆ.”

“ಅಭ್ಯಾಸವಂತೆ! ಅದಕ್ಕೇ ನಮ್ಮ ಹುಡುಗಿ ಉರಿ ಅಂದಾಗ ನಿಂಗೆ ಕೇಳಿಸಲಿಲ್ಲ,” ಅಂದಳು ಕಾಳಮ್ಮ. ಆ ಕೈಯನ್ನು ತಿರುಗಿಸಿ ನೋಡಿ, “ನಾಳೆ ನೀನೂ ಆಸ್ಪತ್ರೆಗೆ ಬಾ. ಕೈ ತೋರಿಸು,” ಅಂದಳು.

ಪತ್ರಿಕೆ ಹಂಚಿ ಬಂದ ಸಣ್ಣಸ್ವಾಮಿ ಮಗಳ ತಲೆ ನೋಡಿ ಜಗುಲಿಯ ಮೇಲೆ ಕುಸಿದು ಕುಳಿತ. ಆಮೇಲೆ ಒಂದೇ ಮಾತು.

“ಚೌರಿ ಕಟ್ಟಿ, ಮೇಲೆ ಹೂ ಮುಡಿಸಿ ಮುಚ್ಚಿಬಿಡಿ.”

“ಗಾಯದ ಮೇಲೆ ಭಾರ ಹಾಕೋ ಹಾಗಿಲ್ಲ ಮಾವ,” ಅಂದಳು ಗಾನವಿ.

“ಹಂಗಾದ್ರೆ ನಮ್ಮಣ್ಣನ ಮಗಳು ಕಳಸ ಹಿಡೀಲಿ. ಈ ತಲೆ ಹೊತ್ತು ನಿಂತ್ರೆ ಬಂದವರು ಆಡ್ಕೊಳ್ಳಲ್ವಾ? ಅವಳಿಗೇ ನೋವಾಗೋದು.”

ಒಳಗೆ ಕೋಣೆಯಲ್ಲಿ ಹರ್ಷಿತಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಎಲ್ಲವೂ ಕೇಳಿಸುತ್ತಿತ್ತು. ಅದು ಕಾಳಮ್ಮನಿಗೆ ಗೊತ್ತಿತ್ತು. ಅದಕ್ಕೇ ದನಿ ಎತ್ತರಿಸಿದಳು.

“ಸಣ್ಣಸ್ವಾಮಿ, ನಿನ್ನ ಮದುವೇಲಿ ಕಳಸ ಹಿಡಿದಿದ್ದು ಯಾರಪ್ಪಾ?”

“ತಂಗಿ. ಇನ್ಯಾರು?”

“ಅವತ್ತು ಅವಳ ಜಡೆ ಹೆಂಗಿತ್ತು?”

ಸಣ್ಣಸ್ವಾಮಿ ತಲೆ ಕೆರೆದುಕೊಂಡ. “ನೆನಪಿಲ್ಲ ಕಣವ್ವ.”

“ನನಗೂ ಇಲ್ಲ. ನಿನ್ನ ಹಿಂದೆ ನಿಂತು ಕಣ್ಣೊರೆಸ್ಕೋತಿದ್ದಳಲ್ಲ, ಅದು ನೆನಪಿದೆ.”

ಧರ್ಮೇಶ ಬಾಗಿಲಲ್ಲಿ ನಿಂತಿದ್ದ. “ಕಳಸ ಬೇರೆಯವರ ಕೈಗೆ ಕೊಟ್ರೆ ಅವಳು ಚಪ್ಪರಕ್ಕೇ ಬರಲ್ಲವಂತೆ. ಅವಳು ಬರದಿದ್ರೆ ನಾನೂ ಬರಲ್ಲ. ಹೆಣ್ಣಿನ ಕಡೆಯವರಿಗೆ ನೀವೇ ಏನಾದ್ರೂ ಹೇಳ್ಕೊಳ್ಳಿ,” ಅಂದ.

ಕೋಣೆಯೊಳಗಿಂದ ಮೂಗೊರೆಸಿಕೊಂಡ ಸದ್ದು. ಹರ್ಷಿತಾ ಹೊರಗೆ ಬಂದಳು. “ಮುರಿದಿರೋದನ್ನೆಲ್ಲ ಕತ್ತರಿಸಿಬಿಡಿ. ನಾನೇ ಹಿಡೀತೀನಿ.”

ಹಿಡಿದಳು. ಕತ್ತರಿಸಿದ ಗಿಡ್ಡ ಕೂದಲಿನ ಮೇಲೆ ಸಡಿಲವಾಗಿ ತೆಳು ಹತ್ತಿಯ ಬಟ್ಟೆ, ಕೈಯಲ್ಲಿ ತುಂಬಿದ ಕಳಸ. ಊಟದ ಸಾಲಿನಲ್ಲಿ ಅರಕಲಗೂಡಿನ ಹೆಂಗಸೊಬ್ಬಳು ಕೇಳಿಯೇ ಬಿಟ್ಟಳು: “ತಿರುಪತಿಗೆ ಹೋಗಿದ್ದೇನೇ ಮಗಾ?”

“ಇಲ್ಲ ಅತ್ತೆ, ಪಾರ್ಲರಿಗೆ,” ಅಂದಳು ಹರ್ಷಿತಾ.

ಕೇಳಿದವರು ನಕ್ಕರು. ನಗು ಮುಗಿದ ಮೇಲೆ ಏನಾಯಿತು ಅಂತ ಕೇಳಿದರು. ಅವಳು ಹೇಳಿದಳು. ಆ ಹೆಂಗಸು ಕೈ ತೊಳೆದವಳೇ ತನ್ನ ಮಗಳಿಗೆ ಫೋನು ಮಾಡಿದಳು: “ನಾಳೆ ಪಾರ್ಲರಿಗೆ ಹೋಗ್ಬೇಡ. ಮೊದಲು ಕಿವಿ ಹಿಂದೆ ಹಚ್ಚಿ ನೋಡ್ತಾರಾ ಕೇಳು.”

ಕಥೆ ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಸಂಘದವರೆಲ್ಲ ಬಾಯಿ ತೆರೆದು ಕೇಳುತ್ತಿದ್ದರು. ಕಾಳಮ್ಮನಿಗೆ ಉಮೇದು ತಡೆಯಲಿಲ್ಲ.

“ಈಗ ನೋಡಬೇಕು ನೀವು! ಡಾಕ್ಟರಮ್ಮನ ಮುಲಾಮಿಗೆ ಕೂದಲು ಮೊದಲಿಗಿಂತ ದುಪ್ಪಟ್ಟು ಬಂದಿದೆ. ಬಾಚೋಕೆ ಇಬ್ಬರು ಆಳು ಬೇಕು.”

“ಹಂಗಾದ್ರೆ ಒಳ್ಳೇದೇ ಆಯ್ತಲ್ಲ ಕಾಳಕ್ಕ,” ಅಂದಳು ಮುಂದೆ ಕುಳಿತಿದ್ದ ಮುದ್ದಿ. “ನಮ್ಮ ಹುಡುಗಿದೂ ತೆಳ್ಳಗಿದೆ. ಒಂದ್ಸಲ ಸುಟ್ಟರೂ ಚಿಂತೆಯಿಲ್ಲ, ಆಮೇಲೆ ದುಪ್ಪಟ್ಟು ಬರುತ್ತೆ ಅಂದ್ರೆ ಈ ವಾರವೇ ಕಳಿಸ್ತೀನಿ.”

ಎಲ್ಲರೂ ನಕ್ಕರು. ಮುದ್ದಿ ನಗಲಿಲ್ಲ. ಅವಳು ನಿಜವಾಗಿಯೂ ಯೋಚಿಸುತ್ತಿದ್ದಳು.

ಕಾಳಮ್ಮ ಗಾನವಿಯನ್ನು ನೋಡಿದಳು. ಗಾನವಿ ಹಿಂದಕ್ಕೆ ನೋಡುತ್ತಿದ್ದಳು. ಅಜ್ಜಿಯನ್ನು ಕರೆದೊಯ್ಯಲು ಬಂದ ಹರ್ಷಿತಾ ಬಾಗಿಲ ಬಳಿ ನಿಂತಿದ್ದಳು. ತಲೆಗೆ ಅದೇ ಹತ್ತಿಯ ಬಟ್ಟೆ.

“ಸರಿಯಾಗಿ ಹೇಳು ಅಜ್ಜಿ,” ಅಂದಳು.

ಕಾಳಮ್ಮ ಕುಳಿತುಕೊಂಡಳು. ನಿಂತು ಹೇಳುವ ಮಾತಾಗಿರಲಿಲ್ಲ.

“ಸುಳ್ಳು ಕಣ್ರೇ. ದುಪ್ಪಟ್ಟು ಬಂದಿಲ್ಲ. ಬೇರೆ ಕಡೆ ಕಿವಿಯುದ್ದ ಬಂದಿದೆ, ಅಷ್ಟೇ. ಬಲಗಿವಿ ಮೇಲೆ ಅಂಗೈಯಗಲ ಜಾಗದಲ್ಲಿ ಒಂದೆಳೆಯೂ ಹುಟ್ಟಿಲ್ಲ. ಹುಟ್ಟಬಹುದು, ಹುಟ್ಟದೇನೂ ಇರಬಹುದು ಅಂದವ್ರೆ ಡಾಕ್ಟರಮ್ಮ. ಬೆಳಿಗ್ಗೆ ಎದ್ದ ಕೂಡಲೇ ಇವಳು ಅಲ್ಲಿಗೆ ಕೈ ಹಾಕಿ ಮುಟ್ಟಿ ನೋಡ್ತಾಳೆ. ನಾನು ನಿದ್ದೆ ಬಂದೋಳ ಹಾಗೆ ಕಣ್ಣು ಮುಚ್ಚಿರ್ತೀನಿ. ಮುದ್ದಿ, ನಿನ್ನ ಮಗಳನ್ನ ಕಳಿಸಬೇಡ ಕಣವ್ವ.”

ಓದುತ್ತಿರುವ ಅಕ್ಕಂದಿರೇ, ತಂಗಿಯರೇ, ಕಾಳಮ್ಮನ ಈ ಕೊನೆಯ ಮಾತನ್ನು ಮಾತ್ರ ಅಳೆದು ನೋಡದೆ ನಂಬಿ. ಪಾರ್ಲರಿಗೆ ಹೋಗಬೇಡಿ ಎಂದು ಯಾರೂ ಹೇಳುತ್ತಿಲ್ಲ. ಹೋಗುವ ಮೊದಲು ತಲೆಗೆ ಏನೇನು ಹಚ್ಚಿದ್ದಿರಿ ಅನ್ನುವುದನ್ನು ಅವರು ಕೇಳದಿದ್ದರೂ ನೀವೇ ಹೇಳಿ. ಕಿವಿಯ ಹಿಂದೆ ಚೂರು ಹಚ್ಚಿಸಿಕೊಂಡು ಎರಡು ದಿನ ಕಾದು ನೋಡಿ. ಡಬ್ಬಿಯ ಫೋಟೋ ತೆಗೆದಿಟ್ಟುಕೊಳ್ಳಿ. ಗಾಯವಾದರೆ ಮನೆಮದ್ದು ಬೇಡ, ತಣ್ಣೀರಿನಲ್ಲಿ ಚೆನ್ನಾಗಿ ತೊಳೆದು ಆಸ್ಪತ್ರೆಗೆ ಹೋಗಿ. ಮುಖ ಊದಿದರೆ, ಉಸಿರು ಕಟ್ಟಿದಂತಾದರೆ ಒಂದು ಗಳಿಗೆಯೂ ತಡ ಮಾಡಬೇಡಿ. ಕುರ್ಚಿಯಲ್ಲಿ ಕುಳಿತಾಗ ಉರಿ ಅನ್ನಿಸಿದರೆ ಜೋರಾಗಿ ಹೇಳಿ, ಆಗಲೇ ತೊಳೆಸಿಕೊಳ್ಳಿ. ಅಂಗಡಿ ತುಂಬ ಜನ ತಿರುಗಿ ನೋಡಲಿ, ನೋಡಿಕೊಳ್ಳಲಿ.