ಕೇಳಿಸದೇ ಹೋದ ಪ್ರಶ್ನೆ

ಟಿಣ್ — ಕತ್ತಲಲ್ಲಿ ಚಮಚ ಲೋಟಕ್ಕೆ ತಾಗಿದ ಸದ್ದು, ಅಷ್ಟೇ, ಹಾಸ್ಟೆಲಿನ ಪಕ್ಕದ ಮಂಚದಲ್ಲಿ ಗುಬ್ಬಿ, ಇವಳ ಜೊತೆಗೇ ಆನರ್ಸಿಗೆ ಆಯ್ಕೆಯಾದವಳು, ನಿದ್ದೆ ಬಾರದೆ ಹಾಲಿನ ಪುಡಿ ಕಲಕುತ್ತಿದ್ದಾಳೆ, ಅಷ್ಟಕ್ಕೇ ಇವಳು ಗೋಡೆಯ ಕಡೆ ಹೊರಳಿದಳು, ಲೋಟ ಎಂದರೆ ಈಗ ಒಂದೇ ಲೋಟ, ಸಂದರ್ಶನದ ಮೇಜಿನ ಮೇಲಿದ್ದದ್ದು, ಗಾಜಿನದು, ಅರ್ಧ ಚಹಾ, ಅಂಚಿನ ಮೇಲೆ ನಿಲ್ಲದೆ ಸುತ್ತುವ ಒಂದು ಇರುವೆ. ವಿಭಾಗದ ಮುಖ್ಯಸ್ಥೆ ಮೇಡಂ ಏನೋ ಕೇಳುತ್ತಿದ್ದರು, ತುಟಿ ಆಡಿದ್ದು ಮಾತ್ರ ನೆನಪು, ಇವಳ ಕಣ್ಣೆಲ್ಲ ಇರುವೆಯ ಮೇಲೆ, ಒಳಗೆ ಬೀಳುತ್ತದೋ ಹೊರಗೆ ಇಳಿಯುತ್ತದೋ, ಹೇಳಲೇ ಬೇಡವೇ, ದೊಡ್ಡವರ ಮಾತಿನ ಮಧ್ಯೆ ಬಾಯಿ ಹಾಕಬೇಡ ಎಂದು ಅಮ್ಮ ತಾನೇ ಗಿಲ್ಲಿ ಗಿಲ್ಲಿ ಕಲಿಸಿದ್ದು — ಆಮೇಲೆ ಸದ್ದಡಗಿತು, ಮೇಜಿನಾಚೆಯ ಮೂವರೂ ಇವಳನ್ನೇ ನೋಡುತ್ತಿದ್ದಾರೆ, ಅಯ್ಯೋ, ಪ್ರಶ್ನೆ ಮುಗಿದಿದೆ. ಇನ್ನೊಮ್ಮೆ ಹೇಳಿ ಎನ್ನಲು ನಾಲಗೆ ಏಳಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಹೊರಟಿತು, ಗೊತ್ತಿಲ್ಲ ಮೇಡಂ. ಮುಗೀತು ಕಥೆ ಅಂದುಕೊಳ್ಳುವಷ್ಟರಲ್ಲಿ ಮೇಡಂ ಮುಖ ಅರಳಿತು, ನೋಡಿ, ಬೆಳಗ್ಗಿಂದ ಎಲ್ಲರೂ ಗಿಣಿ ಥರ ಒಪ್ಪಿಸಿ ಹೋದ್ರು, ಇಷ್ಟು ಯೋಚನೆ ಮಾಡಿ ಗೊತ್ತಿಲ್ಲ ಅಂದವಳು ಇವಳೊಬ್ಬಳೇ, ಇಂಥವರೇ ಬೇಕು ನಮಗೆ — ಎನ್ನುತ್ತ ಲೋಟ ಎತ್ತಿ, ಇರುವೆ ಇದ್ದ ಕಡೆಯಿಂದಲೇ, ಒಂದೇ ಗುಟುಕಿಗೆ ಕುಡಿದುಬಿಟ್ಟರು.

ನನ್ ಮಗಳಿಗೆ ಆನರ್ಸ್ ಸಿಕ್ಕಿದೆ ಸ್ವಾಮಿ, ಅಪ್ಪ ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೇ ವಾಚು ರಿಪೇರಿಗೆ ಬಂದವರಿಗೆಲ್ಲ ಹೇಳುತ್ತಾರೆ, ವಾಚು ಮರೆತೇ ಹೇಳುತ್ತಾರೆ. ಅಕ್ಕ ನಕ್ಕಳು, ಇದೇ ಕಾಲೇಜಿನ ಮಾಮೂಲಿ ಕ್ಲಾಸಿನ ಅಕ್ಕ, ಇದೇ ಹಾಸ್ಟೆಲಿನ ಕೆಳಗಿನ ಮಹಡಿಯ ಅಕ್ಕ, ಹೋದ ವರ್ಷ ಸಂದರ್ಶನದಲ್ಲಿ ಮಾತಾಡಿ ಮಾತಾಡಿ ಗಂಟಲು ಹರ್ಕೊಂಡೆ, ನನಗೆ ಸಿಗಲಿಲ್ಲ, ಬಾಯಿಗೆ ಬೀಗ ಹಾಕ್ಕೊಂಡು ಕೂತ ನಿನಗೆ ಸಿಕ್ತಲ್ಲೇ ಮೂಗಿ — ನಗುತ್ತಲೇ ತನ್ನ ಒಳ್ಳೆಯ ಸ್ವೆಟರ್ ಕೊಟ್ಟಳು, ಈಗ ಅದೇ ಮೈಮೇಲಿದೆ, ಕತ್ತಿನ ಹತ್ತಿರ ಚುಚ್ಚುತ್ತಿದೆ. ನಾಳೆ ಮೊದಲ ತರಗತಿ, ಒಂದೇ ದುಂಡು ಮೇಜು, ಹಿಂದೆ ಅಡಗಿ ಕೂರಲು ಬೆಂಚೂ ಇಲ್ಲ. ಸಂಜೆ ಮೆಟ್ಟಿಲ ಮೇಲೆ ಆನರ್ಸಿನ ಹಿರಿಯ ಹುಡುಗಿ ಇವಳನ್ನೂ ಗುಬ್ಬಿಯನ್ನೂ ತಡೆದು ನಿಲ್ಲಿಸಿದ್ದಳು, ನಮ್ಮಲ್ಲೊಂದು ಪದ್ಧತಿ ಇದೆ ಕಣ್ರೇ, ಮೊದಲ ಕ್ಲಾಸಲ್ಲೇ, ಸಂದರ್ಶನದಲ್ಲಿ ಕೇಳಿದ ಪ್ರಶ್ನೇನ ನೀವೇ ಹೇಳಿ ಹೊಸದಾಗಿ ಉತ್ತರ ಕೊಡ್ಬೇಕು, ಒಬ್ಬೊಬ್ಬರದೂ ಬೇರೆ ಪ್ರಶ್ನೆ, ಮೇಡಂಗೆ ಎಲ್ಲಾ ನೆನಪಿರುತ್ತೆ. ತಡವರಿಸಿದ್ರೆ? ಗುಬ್ಬಿ ಕೇಳಿದ್ದಳು. ಮಾಮೂಲಿ ಕ್ಲಾಸಿಗೆ ವಾಪಸ್, ಮತ್ತೇನು. ತಮಾಷೆಗೆ ಅಂದಳೋ ನಿಜವೋ. ಉತ್ತರವಾದರೆ ರಾತ್ರಿಯೆಲ್ಲ ಕೂತು ಓದಬಹುದು — ಯಾವುದಕ್ಕೆ ಉತ್ತರ? ಮೇಡಂ ಮನೆ ಕದ ತಟ್ಟಲೇ, ಅವತ್ತು ಏನು ಕೇಳಿದ್ರಿ ಮೇಡಂ, ನಾನು ಇರುವೆ ನೋಡ್ತಿದ್ದೆ, ಅದು ನಿಮ್ಮ ಹೊಟ್ಟೆಯೊಳಗೆ... ಕಣ್ಣು ಮುಚ್ಚಿ ಆ ತುಟಿಗಳನ್ನು ಮತ್ತೆ ಆಡಿಸಿ ನೋಡುತ್ತಾಳೆ, ಕೂಡಿದವು, ತೆರೆದವು, ಇನ್ನೇನು ಮಾತು ಬರಬೇಕು, ಇರುವೆ ಅಡ್ಡ ಬರುತ್ತದೆ.

ಮಲಗಿಲ್ವೇನೇ, ಗುಬ್ಬಿಯ ದನಿ, ನನ್ ಪ್ರಶ್ನೆ ಆಗ್ಲೇ ಹೇಳಿದೀನಿ, ನಿಂದೇನು ಹೇಳೇ. ಹೇಳಿಬಿಡಲೇ, ಮುಖ ಕಾಣದ ಕತ್ತಲು, ಗುಬ್ಬಿ ಕೆಟ್ಟವಳಲ್ಲ, ಎದೆ ಹಗುರಾದೀತು — ಆದರೆ ನಗುತ್ತಾಳೆ, ಬೆಳಗಾದರೆ ಆ ನಗು ದುಂಡು ಮೇಜಿನ ಸುತ್ತ, ಅಲ್ಲಿಂದ ಮೆಟ್ಟಿಲಿಳಿದು ಅಕ್ಕನ ಕಿವಿಗೆ. ಅಕ್ಕನಿಗೆ ತನ್ನ ಪ್ರಶ್ನೆ ಕೇಳಿಸಿತ್ತು. ಇಲ್ಲ, ಗುಬ್ಬಿಗೆ ಹೇಳುವುದಿಲ್ಲ, ಅಪ್ಪನಿಗಿಲ್ಲ, ಅಕ್ಕನಿಗಂತೂ ಇಲ್ಲ, ಯಾರಿಗೂ ಇಲ್ಲ, ಸಾಯುವ ತನಕ ಇಲ್ಲ — ನಾಳೆ ಅಲ್ಲೇ ಕೇಳಿಸ್ಕೋತೀಯಲ್ಲ, ಮಲಕ್ಕೋ, ಎನ್ನುತ್ತಾಳೆ, ದನಿ ತನ್ನದೇ ಅನ್ನಿಸುವುದಿಲ್ಲ, ಹೊದಿಕೆ ಮುಖದ ಮೇಲೆಳೆದುಕೊಳ್ಳುತ್ತಾಳೆ — ಟಿಣ್ — ಗಾಜಿನ ಅಂಚು, ಇರುವೆ ಅರ್ಧ ಸುತ್ತು ಬಂದಿದೆ, ಮೇಡಂ ಕೈ ಲೋಟದ ಕಡೆ, ಅಂಚು, ಇರುವೆ, ಅಂಚು